ಮನೆ ಹೋದ ಮೇಲೂ ಉಳಿದ ಸಾಲ

2016ರಲ್ಲಿ ನಾವು ಬೆಳಗಾವಿಯ ಅನಗೋಳದಲ್ಲಿ ಒಂದು ಫ್ಲ್ಯಾಟ್ ತೆಗೆದುಕೊಂಡೆವು. ಬೆಲೆ 36 ಲಕ್ಷ. 8 ಲಕ್ಷ ನಾವು ಹೊಂದಿಸಿದ್ದು, ಅದರಲ್ಲಿ ಅವ್ವ ಕೊಟ್ಟ ಬಂಗಾರವೂ ಸೇರಿತ್ತು. ಉಳಿದ 28 ಲಕ್ಷ ಬ್ಯಾಂಕಿನ ಸಾಲ, 20 ವರ್ಷಕ್ಕೆ. ಕಂತು 26 ಸಾವಿರದ ಆಸುಪಾಸು. ನಮ್ಮ ಮನೆಯವರಿಗೆ ಉದ್ಯಮಬಾಗದಲ್ಲಿ ಸಣ್ಣದೊಂದು ಮಷಿನ್ ಶಾಪ್ ಇತ್ತು. ಫೌಂಡ್ರಿಗಳಿಂದ ಬರುವ ಜಾಬ್‌ವರ್ಕ್ ಮಾಡುತ್ತಿದ್ದರು. ನಾನು ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಇಬ್ಬರ ಆದಾಯ ಸೇರಿಸಿದರೆ ಮಾತ್ರ ಅಷ್ಟು ಸಾಲ ಸಿಗುತ್ತಿತ್ತು. ಹಾಗಾಗಿ ಖರೀದಿ ಪತ್ರದಲ್ಲೂ ಸಾಲದ ಕಾಗದದಲ್ಲೂ ಇಬ್ಬರ ಹೆಸರು.

2019ರಲ್ಲಿ ಶಾಪಿಗೆ ಲೇತ್ ಮಷಿನ್ ಬೇಕಾಯಿತು. ಅದೇ ಮನೆಯ ಮೇಲೆ 6 ಲಕ್ಷದ ಟಾಪ್‌ಅಪ್ ಸಾಲ ಎತ್ತಿದೆವು. ಅದಕ್ಕೂ ಇಬ್ಬರದೂ ಸಹಿ. ಮರುವರ್ಷ ಲಾಕ್‌ಡೌನ್ ಬಂತು. ಫೌಂಡ್ರಿ ನಿಂತವು, ಜಾಬ್‌ವರ್ಕ್ ನಿಂತಿತು. ರಿಸರ್ವ್ ಬ್ಯಾಂಕ್ ಆ ಮಾರ್ಚ್‌ನಿಂದ ಆಗಸ್ಟ್ ತನಕ ಕಂತು ಮುಂದಕ್ಕೆ ಹಾಕಲು ಅವಕಾಶ ಕೊಟ್ಟಿತ್ತು, ನಾವೂ ತೆಗೆದುಕೊಂಡೆವು. ಆದರೆ ಆ ಆರು ತಿಂಗಳ ಬಡ್ಡಿ ಎಲ್ಲೂ ಹೋಗಲಿಲ್ಲ. ಅಸಲಿಗೆ ಸೇರಿಕೊಂಡಿತು. ಐದು ವರ್ಷ ಕಂತು ಕಟ್ಟಿದ ಮೇಲೂ 28 ಲಕ್ಷದ ಅಸಲು 25 ಲಕ್ಷದ ಮೇಲೆಯೇ ಇತ್ತು. ಗೃಹಸಾಲದಲ್ಲಿ ಮೊದಲ ವರ್ಷಗಳ ಕಂತಿನಲ್ಲಿ ಹೆಚ್ಚಿನ ಪಾಲು ಬಡ್ಡಿಗೇ ಹೋಗುತ್ತದೆ. ಬೇರೆಯಾಗುವ ಗಂಡ ಹೆಂಡತಿ ಲೆಕ್ಕಕ್ಕೆ ಕೂತಾಗಲೇ ಇದು ಕಣ್ಣಿಗೆ ಬೀಳುವುದು.

ನಮ್ಮ ನಡುವಿನ ಜಗಳದ ವಿವರ ಇಲ್ಲಿ ಬೇಡ. 2021ರ ಕೊನೆಗೆ ಅವರು ಮನೆ ಬಿಟ್ಟು ಗೋಕಾಕದಲ್ಲಿರುವ ತಮ್ಮ ಅಣ್ಣನ ಮನೆಗೆ ಹೋದರು. ನಾನು, ಮಗಳು ಫ್ಲ್ಯಾಟಿನಲ್ಲೇ ಉಳಿದೆವು. ಕಂತು ಹೋಗುತ್ತಿದ್ದದ್ದು ಅವರ ಖಾತೆಯಿಂದ. ಆ ಖಾತೆಗೆ ದುಡ್ಡು ಬೀಳುವುದು ನಿಂತಿತು. ಎರಡೂ ಸಾಲದ ಕಂತು ಸೇರಿ 34 ಸಾವಿರ. ನನ್ನ ಸಂಬಳ ಆಗ 31 ಸಾವಿರ.

ಬ್ಯಾಂಕಿಗೆ ಹೋಗಿ ನಾನು ಕೇಳಿದ್ದು ಇಷ್ಟೇ: "ಸರ್, ಅರ್ಧ ನಾ ಕಟ್ಟತೀನ್ರಿ. ಇನ್ನರ್ಧ ಅವರ ಕಡೆ ತಗೋರಿ."

ಮ್ಯಾನೇಜರ್ ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. "ಮೇಡಂ, ಈ ಸಾಲದಾಗ ಅರ್ಧ ಅನ್ನೋದ ಇಲ್ರಿ. ನೀವೂ ಪೂರ್ತಿ ಸಾಲಕ್ಕ ಜವಾಬ್ದಾರಿ, ಅವರೂ ಪೂರ್ತಿ ಸಾಲಕ್ಕ ಜವಾಬ್ದಾರಿ. ಯಾರ ಕಡೆ ಸಿಗತೈತಿ ಅವರ ಕಡೆ ನಾವು ಕೇಳತೀವಿ."

ಅಂದು ನನಗೆ ಇದು ಬ್ಯಾಂಕಿನವರು ಮಾಡಿಕೊಂಡ ನಿಯಮ ಅನಿಸಿತ್ತು. ಆಮೇಲೆ ವಕೀಲರು ತೋರಿಸಿದರು, ಇದು 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್. ಇಬ್ಬರು ಸೇರಿ ಕೊಟ್ಟ ಮಾತನ್ನು ಪೂರ್ತಿ ನಡೆಸಿಕೊಡಿ ಎಂದು ಸಾಲ ಕೊಟ್ಟವರು ಒಬ್ಬರನ್ನೇ ಕೇಳಬಹುದು. ಅದೇ ಸೆಕ್ಷನ್ ಇನ್ನೊಂದು ಮಾತೂ ಹೇಳುತ್ತದೆ. ಹಾಗೆ ಪೂರ್ತಿ ಕಟ್ಟಿದವರು ಇನ್ನೊಬ್ಬರಿಂದ ಅವರ ಪಾಲು ವಸೂಲು ಮಾಡಿಕೊಳ್ಳಬಹುದು. ಮೊದಲನೆಯದು ಬ್ಯಾಂಕಿಗೂ ನಮಗೂ ನಡುವಿನ ಮಾತು. ಎರಡನೆಯದು ನಮ್ಮಿಬ್ಬರ ನಡುವಿನ ಮಾತು. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಲು ಕಲಿತ ಮೇಲೆಯೇ ನನಗೆ ದಾರಿ ಕಾಣಿಸತೊಡಗಿದ್ದು.

ವಕೀಲರು ಸಿಕ್ಕಿದ್ದು ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಅದಕ್ಕೆ ಆದಾಯದ ಮಿತಿ ಇಲ್ಲ. ಕೆಲಸಕ್ಕೆ ಹೋಗುವವಳಿಗೆ ಯಾರು ಪುಕ್ಕಟೆ ವಕೀಲರನ್ನು ಕೊಡುತ್ತಾರೆ ಎಂದು ನಮ್ಮ ಸೋದರಮಾವನೇ ನಂಬಿರಲಿಲ್ಲ. ಸಿಗುತ್ತದೆ. ಅರ್ಜಿ, ಆಧಾರ್ ನಕಲು, ನನ್ನ ಕಷ್ಟದ ನಾಲ್ಕು ಸಾಲು, ಅಷ್ಟೇ. ನನಗೆ ಗೊತ್ತುಮಾಡಿದ ವಕೀಲ ಮೇಡಂ ನನಗಿಂತ ಚಿಕ್ಕವರು. "ಅಕ್ಕಾ, ಇವತ್ತಿಂದ ಬಾಯಿಮಾತು ಬಂದ್. ಎಲ್ಲಾ ಬರೆದು ಕೊಡ್ರಿ, ನಕಲಿನ ಮ್ಯಾಲೆ ಬ್ಯಾಂಕಿನ ಸಿಕ್ಕಾ ಹೊಡಿಸಿಕೊಂಡು ಬರ್ರಿ" ಎಂದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಸಲಹೆಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಮನೆ ಉಳಿಸಲು ಆಗ ಇದ್ದ ದಾರಿಗಳು ಕಡಿಮೆ. ಸಾಲವನ್ನು ನನ್ನೊಬ್ಬಳ ಹೆಸರಿಗೆ ಮಾಡಿಕೊಳ್ಳಬಹುದಿತ್ತು. ಅದಕ್ಕೆ ಅವರು ತಮ್ಮ ಪಾಲನ್ನು ನನಗೆ ಬಿಟ್ಟುಕೊಟ್ಟು ನೋಂದಣಿ ಮಾಡಿಸಬೇಕು. ಅದಾದರೂ 31 ಸಾವಿರ ಸಂಬಳದ ಮೇಲೆ 30 ಲಕ್ಷದ ಸಾಲವನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ. ಅವಧಿ ಜಾಸ್ತಿ ಮಾಡಿ ಕಂತು ಇಳಿಸಿ ಎಂದು ಕೇಳಿದೆ. ಅದಕ್ಕೂ ಇಬ್ಬರ ಸಹಿ ಬೇಕಂತೆ.

ಉಳಿದದ್ದು ಮಾರಾಟ. ನಿಜ ಹೇಳಬೇಕೆಂದರೆ ಅದೇ ಸರಿಯಾದ ದಾರಿಯಾಗಿತ್ತು. ನಮ್ಮ ಕಾಲೇಜಿನ ಒಬ್ಬ ಉಪನ್ಯಾಸಕರು 38 ಲಕ್ಷಕ್ಕೆ ತೆಗೆದುಕೊಳ್ಳಲು ಸಿದ್ಧರಿದ್ದರು. ಎರಡೂ ಸಾಲ ಸೇರಿ ಆಗ ಇದ್ದ ಬಾಕಿ ಮೂವತ್ತೂವರೆ ಲಕ್ಷದ ಹತ್ತಿರ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ, 2012ರಿಂದಲೇ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಅಂದರೆ ಏಳು ಲಕ್ಷದ ಮೇಲೆ ನಮ್ಮ ಕೈಗೆ ಉಳಿಯುತ್ತಿತ್ತು. ಇಬ್ಬರೂ ಹಂಚಿಕೊಳ್ಳಬಹುದಿತ್ತು.

ಅವರು ಸಹಿ ಹಾಕಲಿಲ್ಲ. ಗೋಕಾಕಕ್ಕೆ ನಮ್ಮ ಸೋದರಮಾವನನ್ನು ಕಳಿಸಿದೆ, ಹಿರಿಯರನ್ನು ಕೂರಿಸಿದೆ. "ಮನಿ ಮಾರಿದರ ಸಂಸಾರ ಮುಗದಂಗ ಅಲ್ಲೇನ್ರಿ ಮಾವಾ" ಎಂದರಂತೆ. ಅವರ ಅಣ್ಣ, ಇನ್ನೆರಡು ವರ್ಷ ತಡೆದರೆ 45 ಲಕ್ಷಕ್ಕೆ ಹೋಗುತ್ತದೆ ಎಂದರಂತೆ. ಸಿಟ್ಟಿನ ಜೊತೆಗೆ ಆಸೆಯೂ ಇತ್ತು ಅವರಲ್ಲಿ, ಅದು ನನಗೆ ಅರ್ಥವಾಗುತ್ತದೆ. ಆದರೆ ಇಬ್ಬರ ಹೆಸರಿನ ಆಸ್ತಿಯನ್ನು ಒಬ್ಬರೇ ಮಾರಲಾಗುವುದಿಲ್ಲ. ಹಾಗೆ ಕೈಕಟ್ಟಿ ಕೂತ ತಿಂಗಳುಗಳಲ್ಲಿ ಬಡ್ಡಿ ಮಾತ್ರ ದಿನದಿನವೂ ಕೆಲಸ ಮಾಡುತ್ತಲೇ ಇತ್ತು. ಉಪನ್ಯಾಸಕರು ಕೆಲವು ತಿಂಗಳು ಕಾದು ಬೇರೆ ಕಡೆ ಮನೆ ನೋಡಿಕೊಂಡರು.

ಕಂತು ಬಾಕಿ ಬಿದ್ದು 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಅದಕ್ಕೆ ಮೊದಲು ನಾನು ಸಂಬಳದಿಂದ 15 ಸಾವಿರ, 20 ಸಾವಿರ ಕಟ್ಟುತ್ತಿದ್ದೆ. ಅದರಿಂದ ಎನ್‌ಪಿಎ ಸ್ವಲ್ಪ ಮುಂದಕ್ಕೆ ಹೋಯಿತು, ತಪ್ಪಲಿಲ್ಲ. ಆದರೆ ಪ್ರತಿ ಸಲ ನನ್ನ ಖಾತೆಯಿಂದಲೇ ಕಟ್ಟಿದ್ದರಿಂದ ಯಾರು ಎಷ್ಟು ಕಟ್ಟಿದರು ಎನ್ನುವುದಕ್ಕೆ ದಾಖಲೆ ಉಳಿಯಿತು. ನಗದು ಕಟ್ಟಬೇಡಿ. ಗಂಡನ ಖಾತೆಗೆ ಹಾಕಿ ಅಲ್ಲಿಂದ ಕಂತು ಹೋಗಲಿ ಎಂದೂ ಬಿಡಬೇಡಿ. ಸಾಲದ ಖಾತೆ ನಂಬರಿಗೇ ನೇರ ಹಾಕಿ.

2022ರ ಮಧ್ಯದಲ್ಲಿ ಮೊದಲ ನೋಟಿಸು ಬಂತು. 2002ರ ಸರ್ಫೇಸಿ ಕಾಯ್ದೆಯ 13(2) ನೋಟಿಸು ಎಂದು ಅದರ ಮೇಲೆ ಬರೆದಿತ್ತು. ಒಟ್ಟು 31 ಲಕ್ಷ 60 ಸಾವಿರ, 60 ದಿನದಲ್ಲಿ ಪೂರ್ತಿ ಕಟ್ಟಿ ಎಂದು. ಈ ಕಾಯ್ದೆಯಡಿ ಬ್ಯಾಂಕು ಮನೆ ವಶಕ್ಕೆ ತೆಗೆದುಕೊಂಡು ಮಾರಲು ಮೊದಲು ಕೋರ್ಟಿಗೆ ಹೋಗಬೇಕಿಲ್ಲ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕೇಸು ಹಾಕಲಿ, ವರ್ಷಗಟ್ಟಲೆ ನಡೆಯುತ್ತದೆ ಎಂದು ಸುಮ್ನೆ ಕೂರುತ್ತಾರೆ. ನಮ್ಮ ಮನೆಯವರ ಕಡೆಯವರೂ ಹಾಗೆಯೇ ಅಂದುಕೊಂಡಿದ್ದರು.

ಆ ನೋಟಿಸಿಗೆ ಉತ್ತರ ಕೊಡುವ ಹಕ್ಕು ಸಾಲಗಾರರಿಗೆ ಇದೆ. ಕೊಟ್ಟರೆ ಬ್ಯಾಂಕು 15 ದಿನದೊಳಗೆ, ಯಾಕೆ ಒಪ್ಪುವುದಿಲ್ಲ ಎಂದು ಕಾರಣ ಹೇಳಿ ಬರೆಯಬೇಕು. ನಾವು ಎರಡು ಪುಟದ ಉತ್ತರ ಬರೆದೆವು. ಗಂಡ ಹೆಂಡತಿ ಬೇರೆ ಇದ್ದೇವೆ, ನನ್ನ ವಿಳಾಸಕ್ಕೂ ಅವರ ಗೋಕಾಕದ ವಿಳಾಸಕ್ಕೂ ಬೇರೆ ಬೇರೆ ಕಾಗದ ಕಳಿಸಿ. ನಾನು ಇಷ್ಟು ಕಟ್ಟಿದ್ದೇನೆ, ಇಗೋ ದಾಖಲೆ. ಮಾರಾಟಕ್ಕೆ ನಾನು ಸಿದ್ಧ, ಅವರು ಸಹಿ ಕೊಡುತ್ತಿಲ್ಲ. ಮಗಳು ಹತ್ತನೇ ತರಗತಿಯಲ್ಲಿದ್ದಾಳೆ. ಬ್ಯಾಂಕು ನಮ್ಮ ಬೇಡಿಕೆ ಒಪ್ಪಲಿಲ್ಲ. ಆದರೆ ಮುಂದೆ ಬಂದ ಪ್ರತಿ ಕಾಗದವೂ ಎರಡೂ ವಿಳಾಸಕ್ಕೆ ಹೋಯಿತು. ನನಗೆ ಗೊತ್ತೇ ಇರಲಿಲ್ಲ ಎಂದು ಹೇಳುವ ಅವಕಾಶ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

60 ದಿನ ಮುಗಿದ ಮೇಲೆ ಬ್ಯಾಂಕಿನವರು ಬಂದು ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿ ಹೋದರು. ಇದು ಕಾಗದದ ಮೇಲಿನ ಸ್ವಾಧೀನ. ನಾವು ಒಳಗೇ ಇರಬಹುದು, ಮಾರುವಂತಿಲ್ಲ. ಏಳು ದಿನದೊಳಗೆ ಅದನ್ನು ಎರಡು ಪತ್ರಿಕೆಯಲ್ಲಿ ಹಾಕಬೇಕು, ಒಂದು ಸ್ಥಳೀಯ ಭಾಷೆಯದು. ನಮ್ಮಿಬ್ಬರ ಹೆಸರು, ಫ್ಲ್ಯಾಟ್ ನಂಬರು, ಬಾಕಿ, ನಾಲ್ಕು ದಿಕ್ಕಿನ ಚಕ್ಕುಬಂದಿ, ಎಲ್ಲಾ ಪೇಪರಿನಲ್ಲಿ ಬಂತು. ಆ ದಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಸಂಜೆ ಎದುರು ಮನೆಯ ಮರಾಠಿ ಅಜ್ಜಿ ಮಾತ್ರ ಬಂದು ಮಗಳಿಗೆ ಥಾಲಿಪೀಟು ಕೊಟ್ಟು, ನನ್ನ ಕೈ ಹಿಡಿದು ಕೂತಿದ್ದರು. ಅವರಿಗೆ ನಾನು ಯಾವತ್ತೂ ಋಣಿ.

ಸ್ವಾಧೀನ ತೆಗೆದುಕೊಂಡ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಎಲ್ಲರೂ ಡಿಆರ್‌ಟಿ ಎನ್ನುತ್ತಾರೆ. ನಮಗೆ ಅದು ಬೆಂಗಳೂರಿನಲ್ಲಿ. ಹೋಗೋಣವೇ ಎಂದು ಕೇಳಿದೆ. ವಕೀಲ ಮೇಡಂ ಲೆಕ್ಕ ಹಾಕಿ ತೋರಿಸಿದರು. ಬಾಕಿ 10 ಲಕ್ಷ ದಾಟಿದ ಸಾಲಗಾರರು ಹಾಕುವ ಅರ್ಜಿಗೆ ಮೊದಲ 10 ಲಕ್ಷಕ್ಕೆ 5,000 ರೂಪಾಯಿ, ಅದರ ಮೇಲೆ ಪ್ರತಿ ಲಕ್ಷಕ್ಕೆ 250 ರೂಪಾಯಿ. ನಮ್ಮ ಬಾಕಿಗೆ ಶುಲ್ಕವೇ ಹತ್ತು ಸಾವಿರ ದಾಟುತ್ತಿತ್ತು. ದುಡ್ಡಿಗಿಂತ ದೊಡ್ಡ ಮಾತು ಬೇರೆ ಇತ್ತು. ಬ್ಯಾಂಕು ಕಾನೂನು ಪ್ರಕಾರ ನಡೆದಿದೆಯೋ ಇಲ್ಲವೋ ಎಂದಷ್ಟೇ ಅಲ್ಲಿ ನೋಡುತ್ತಾರೆ. ಗಂಡ ಸಹಿ ಕೊಡಲಿಲ್ಲ, ಸಂಸಾರ ಮುರಿಯಿತು ಎನ್ನುವುದು ಅಲ್ಲಿ ವಿಷಯವೇ ಅಲ್ಲ. ನಮ್ಮ ಕೇಸಿನಲ್ಲಿ ನೋಟಿಸು, ಅವಧಿ, ಪ್ರಕಟಣೆ ಎಲ್ಲಾ ಸರಿ ಇತ್ತು. ನಾವು ಹೋಗಲಿಲ್ಲ. ನೋಟಿಸು ತಲುಪದವರು, ಲೆಕ್ಕದಲ್ಲಿ ದೊಡ್ಡ ತಪ್ಪು ಇರುವವರು, ಕೃಷಿ ಜಮೀನಿನ ಮೇಲೆ ಸರ್ಫೇಸಿ ಹಾಕಿಸಿಕೊಂಡವರು ಹೋಗಲೇಬೇಕು. ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ 45 ದಿನ ಎನ್ನುವುದನ್ನು ಗೋಡೆಯ ಮೇಲೆ ಬರೆದುಕೊಳ್ಳಿ.

ನಿಜವಾಗಿ ಮನೆ ಖಾಲಿ ಮಾಡಿಸಲು ಬ್ಯಾಂಕು ಜಿಲ್ಲಾಧಿಕಾರಿಗೆ ಅರ್ಜಿ ಹಾಕುತ್ತದೆ. 14ನೇ ಸೆಕ್ಷನ್. ಚೆನ್ನಮ್ಮ ವೃತ್ತದ ಹತ್ತಿರದ ಡಿಸಿ ಕಚೇರಿಯಿಂದ ಆದೇಶ ಆಯಿತು. ಆದೇಶದ ಸುದ್ದಿ ತಿಳಿದ ಕೂಡಲೇ ನಾನು ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಒಂದು ಪತ್ರ ಕೊಟ್ಟೆ. ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವ ತನಕ ಸಮಯ ಕೊಡಿ, ಆಮೇಲೆ ಪೊಲೀಸರು ಬೇಕಿಲ್ಲ, ನಾನೇ ಕೀಲಿ ಕೊಡುತ್ತೇನೆ ಎಂದು. ಪ್ರವೇಶ ಪತ್ರದ ನಕಲು ಲಗತ್ತಿಸಿದೆ. ಅವರು ಒಪ್ಪಿ ಬರೆದುಕೊಟ್ಟರು. ಬ್ಯಾಂಕು ಎಂದರೆ ಕಲ್ಲು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿ ಕೂತವರಿಗೂ ಫೈಲಿನಲ್ಲಿ ಒಂದು ಕಾರಣ ಬೇಕಾಗಿರುತ್ತದೆ. ಕಾರಣ ನಾವು ಕಾಗದದಲ್ಲಿ ಕೊಟ್ಟರೆ ಅವರ ಕೈಯೂ ಸಡಿಲವಾಗುತ್ತದೆ.

2023ರ ಏಪ್ರಿಲ್ ಕೊನೆಗೆ ಸ್ವಾಧೀನ ಆಯಿತು. ಅಷ್ಟೊತ್ತಿಗೆ ಸಾಮಾನೆಲ್ಲ ವಡಗಾವಿಯ ಅವ್ವನ ಮನೆಗೆ ಸಾಗಿಸಿದ್ದೆವು. ತಹಶೀಲ್ದಾರ್ ಕಚೇರಿಯವರು, ಬ್ಯಾಂಕಿನವರು, ಇಬ್ಬರು ಪಂಚರು. ಪಂಚನಾಮೆ ಬರೆದರು. ಕಿಟಕಿ, ಫ್ಯಾನು, ಅಡುಗೆಮನೆಯ ಕಟ್ಟೆ, ಎಲ್ಲದರ ಫೋಟೊ. ನಾನೂ ಪ್ರತಿ ಕೋಣೆಯ ಫೋಟೊ ತೆಗೆದುಕೊಂಡೆ. ಕರೆಂಟ್ ಮೀಟರಿನ ಓದು ಬರೆಸಿದೆ. ಪಂಚನಾಮೆಯ ನಕಲು ಕೇಳಿ ತೆಗೆದುಕೊಂಡೆ. ಮಗಳು ಮಧ್ಯಾಹ್ನ ಊಟ ಮಾಡಲಿಲ್ಲ. ಗೋಡೆಯ ಮೇಲೆ ಅವಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳಿದ್ದವು, ಅವುಗಳ ಫೋಟೊ ತೆಗಿ ಎಂದಳು. ತೆಗೆದೆ.

ಹರಾಜಿನ ಬಗ್ಗೆ. ಬ್ಯಾಂಕು ಮೊದಲು ತನ್ನ ಪಟ್ಟಿಯಲ್ಲಿರುವ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸುತ್ತದೆ, ಅದರ ಮೇಲೆ ಕನಿಷ್ಠ ಬೆಲೆ ಗೊತ್ತುಮಾಡುತ್ತದೆ. ಮೊದಲ ಮಾರಾಟಕ್ಕೆ ಸಾಲಗಾರರಿಗೆ 30 ದಿನದ ನೋಟಿಸು ಕೊಡಬೇಕು. ಅದು ಆಗದೆ ಮತ್ತೆ ಹರಾಜು ಇಟ್ಟರೆ 15 ದಿನ ಸಾಕು. ಗೆದ್ದವರು ಬೆಲೆಯ ಶೇಕಡಾ 25 ಅಂದೇ ಅಥವಾ ಮರುದಿನ, ಉಳಿದದ್ದು 15 ದಿನದಲ್ಲಿ ಕಟ್ಟಬೇಕು. ಇಲ್ಲಿ ಒಂದು ಮುಖ್ಯ ಗಡುವು ಇದೆ. ಸಾಲ ಪೂರ್ತಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ದಿನದ ತನಕ ಇರುತ್ತದೆ ಎಂದು ಜನ ನಂಬಿದ್ದಾರೆ. 2016ರ ತಿದ್ದುಪಡಿ ಆದ ಮೇಲೆ ಹಾಗಿಲ್ಲ. ಹರಾಜಿನ ನೋಟಿಸು ಪ್ರಕಟವಾಗುವ ಮೊದಲೇ ಕಟ್ಟಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ಹೇಳಿತು. ಹೊಲ ಒತ್ತೆ ಇಟ್ಟಾದರೂ ದುಡ್ಡು ತರುತ್ತೇನೆ ಎಂದು ಮಾವ ಓಡಾಡುತ್ತಿದ್ದರು. ಈ ಗಡುವು ಗೊತ್ತಾದ ಮೇಲೆ ನಾನೇ ಬೇಡ ಎಂದೆ. ಅಷ್ಟು ಬೇಗ ಅದು ಆಗುವ ಮಾತಾಗಿರಲಿಲ್ಲ. ಮಾವನ ಹೊಲ ಉಳಿಯಿತು.

ಮೊದಲ ಹರಾಜಿಗೆ ಕನಿಷ್ಠ ಬೆಲೆ 36 ಲಕ್ಷ. ಯಾರೂ ಕೂಗಲಿಲ್ಲ. ಎರಡನೆಯದಕ್ಕೆ 32 ಲಕ್ಷ 40 ಸಾವಿರಕ್ಕೆ ಇಳಿಸಿದರು. 32 ಲಕ್ಷ 60 ಸಾವಿರಕ್ಕೆ ಹೋಯಿತು. ಒಂದೂವರೆ ವರ್ಷದ ಹಿಂದೆ 38 ಲಕ್ಷ ಕೈಯಲ್ಲಿ ಹಿಡಿದು ಉಪನ್ಯಾಸಕರು ನಿಂತಿದ್ದ ಅದೇ ಮನೆ.

ಮನೆ ಹೋಯಿತು, ಸಾಲವೂ ಹೋಯಿತು ಎಂದು ಅವ್ವ ದೇವರಿಗೆ ದೀಪ ಹಚ್ಚಿದಳು. 2024ರ ಆರಂಭದಲ್ಲಿ ಪತ್ರ ಬಂತು. ಮಾರಾಟದ ಹಣ ಹೊಂದಿಸಿದ ಮೇಲೂ 4 ಲಕ್ಷ 60 ಸಾವಿರ ಬಾಕಿ, ಕಟ್ಟಿ.

ಕಾಯ್ದೆಯ 13(7) ಪ್ರಕಾರ ಮಾರಾಟದಿಂದ ಬಂದ ಹಣ ಮೊದಲು ಬ್ಯಾಂಕಿನ ಖರ್ಚಿಗೆ ಹೋಗುತ್ತದೆ. ಆಮೇಲೆ ಸಾಲಕ್ಕೆ. ಮಿಕ್ಕಿದರೆ ನಮಗೆ. ಕಡಿಮೆ ಬಿದ್ದರೆ 13(10) ಪ್ರಕಾರ ಉಳಿದದ್ದನ್ನು ಸಾಲಗಾರರಿಂದ ವಸೂಲು ಮಾಡಲು ಬ್ಯಾಂಕು ಮುಂದೆ ಹೋಗಬಹುದು. 20 ಲಕ್ಷಕ್ಕಿಂತ ಕಡಿಮೆ ಇದ್ದರೆ ಡಿಆರ್‌ಟಿ ಅಲ್ಲ, ನಮ್ಮೂರಿನ ಸಿವಿಲ್ ಕೋರ್ಟು. ಪತ್ರ ಇಬ್ಬರ ಹೆಸರಿಗೂ ಬಂದಿತ್ತು. ಫೋನು ಮಾತ್ರ ನನಗೊಬ್ಬಳಿಗೇ. ಯಾಕೆಂದರೆ ಸಂಬಳ ನನಗಿದೆ. ಅವರ ಶಾಪು ಮುಚ್ಚಿತ್ತು.

ವಸೂಲಿಯವರು ಕಾಲೇಜಿನ ಲ್ಯಾಂಡ್‌ಲೈನಿಗೂ ಫೋನು ಮಾಡಿದರು. ರಾತ್ರಿ ಒಂಬತ್ತಕ್ಕೂ ಮಾಡಿದರು. ನಾನು ದಿನಾಂಕ, ಹೊತ್ತು, ನಂಬರು ಬರೆದಿಟ್ಟು ಬ್ಯಾಂಕಿನ ದೂರು ವಿಭಾಗಕ್ಕೆ ಕಳಿಸಿದೆ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನು ಮಾಡುವಂತಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಎಂದೂ ಬರೆದೆ. ಹೋಗಬೇಕಾಗಲಿಲ್ಲ, ಫೋನು ನಿಂತವು. ಸಾಲ ಇದ್ದವರಿಗೆ ಮರ್ಯಾದೆ ಇಲ್ಲ ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ಸಾಲ ಇದೆ ಎಂದು ನಾನು ಯಾವತ್ತೂ ಇಲ್ಲ ಎನ್ನಲಿಲ್ಲ. ಹಾಗಂತ ಮಗಳ ಎದುರಿಗೆ ಯಾರೋ ಬಯ್ಯುವುದನ್ನು ಕೇಳಿಸಿಕೊಳ್ಳಬೇಕಾದ ಕರಾರಿಗೆ ನಾನು ಸಹಿ ಹಾಕಿರಲಿಲ್ಲ.

ಆಮೇಲೆ ಲೆಕ್ಕ ಕೇಳಿದೆ. ಎನ್‌ಪಿಎ ಆದ ದಿನದಿಂದ ಇಲ್ಲಿಯ ತನಕದ ಪೂರ್ತಿ ಖಾತೆ ಲೆಕ್ಕ, ಖರ್ಚಿನ ಪ್ರತಿ ಬಾಬ್ತಿನ ಬಿಲ್ಲು, ಮಾರಾಟದ ಲೆಕ್ಕ. ಕೊಡಲು ತಡ ಮಾಡಿದರು, ಬಿಡದೆ ಬರೆದೆ, ಕೊಟ್ಟರು. ಪೇಪರ್ ಜಾಹೀರಾತು, ಮೌಲ್ಯಮಾಪಕರ ಫೀ, ವಕೀಲರ ಫೀ, ಸ್ವಾಧೀನದ ಮೇಲೆ ಕಾವಲುಗಾರರ ಸಂಬಳ, ಬಾಕಿ ಕಂತಿನ ಮೇಲಿನ ದಂಡದ ಬಡ್ಡಿ. ಕಾವಲುಗಾರರ ಸಂಬಳದಲ್ಲಿ ಎರಡು ತಿಂಗಳು ಹರಾಜು ಮುಗಿದು ಕೀಲಿ ಕೊಟ್ಟ ಮೇಲಿನವು. ಜಾಹೀರಾತಿನ ಒಂದು ಬಿಲ್ಲು ಎರಡು ಸಲ ಹತ್ತಿತ್ತು. ಅವೆರಡನ್ನೂ ತೆಗೆದರು. ದಂಡದ ಬಡ್ಡಿ ಬಿಡಿ ಎಂದು ಕೇಳಿದ್ದಕ್ಕೆ, ಅದನ್ನು ರಾಜಿಯಲ್ಲಿ ಮಾತಾಡೋಣ ಎಂದರು. ಆ ಮಾತು ಬಂದಾಗಲೇ ರಾಜಿಗೆ ಜಾಗ ಇದೆ ಎಂದು ವಕೀಲ ಮೇಡಂಗೆ ಗೊತ್ತಾಯಿತು.

ಇಷ್ಟರಲ್ಲಿ ನಾವು ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ್ದೆವು. ಅಲ್ಲಿ ಒಬ್ಬ ಹಿರಿಯ ಮಧ್ಯಸ್ಥಿಕೆದಾರರು ಸಾಲವನ್ನೆಲ್ಲ ಗಂಡನೇ ತೀರಿಸುತ್ತಾನೆ ಎಂದು ಬರೆದುಬಿಡಿ, ಮುಗಿಯಿತು ಎಂದರು. ಕೇಳಲು ಹಿತವಾಗಿತ್ತು. ವಕೀಲ ಮೇಡಂ ತಡೆದರು. ಗಂಡ ಹೆಂಡತಿ ತಮ್ಮ ನಡುವೆ ಏನೇ ಬರೆದುಕೊಂಡರೂ ಅದರಲ್ಲಿ ಸಹಿ ಹಾಕದ ಬ್ಯಾಂಕಿಗೆ ಅದು ತಾಗುವುದಿಲ್ಲ. ಅವರು ಕಟ್ಟದಿದ್ದರೆ ಬ್ಯಾಂಕು ನನ್ನ ಬಾಗಿಲಿಗೇ ಬರುತ್ತದೆ. ನನ್ನ ಕೈಯಲ್ಲಿ ಕೋರ್ಟಿನ ಕಾಗದ ಇರುತ್ತದೆ, ಸಾಲ ಹಾಗೇ ಇರುತ್ತದೆ. ಹಾಗಾಗಿ ನಾವು ಬೇರೆ ರೀತಿ ಬರೆಸಿದೆವು. ಬ್ಯಾಂಕಿನ ಬಾಕಿಗೆ ಯಾರು ಹಣ ಕಟ್ಟಿದರೂ ಇನ್ನೊಬ್ಬರು ಅದರ ಅರ್ಧವನ್ನು ಆರು ತಿಂಗಳಲ್ಲಿ ಕೊಡಬೇಕು. ಬ್ಯಾಂಕಿನ ಜೊತೆ ರಾಜಿ ಮಾಡಿಕೊಳ್ಳುವಾಗ ಇಬ್ಬರೂ ಹಾಜರಿರಬೇಕು, ಸಹಿ ಹಾಕಬೇಕು. ಈ ಎರಡನೇ ಸಾಲಿಗೆ ಅವರು ಒಪ್ಪಿದ್ದು ದೊಡ್ಡ ಮಾತು. ಮನೆ ಹೋದ ಮೇಲೆ ಅವರೂ ಮೆತ್ತಗಾಗಿದ್ದರು. ಹೊರಗೆ ಬಂದಾಗ "ನಿನಗಷ್ಟ ಫೋನ್ ಮಾಡತಾರೇನು?" ಎಂದು ಕೇಳಿದರು. ಹೌದು ಎಂದೆ. ತಲೆ ತಗ್ಗಿಸಿದರು.

ಇಬ್ಬರೂ ಇರಬೇಕು ಎಂದು ಯಾಕೆ ಹಟ ಹಿಡಿದೆವು ಎಂದರೆ, ಕರಾರು ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಬ್ಯಾಂಕು ಇಬ್ಬರಲ್ಲಿ ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬಿಡುಗಡೆ ಆಗುವುದಿಲ್ಲ. ಬಿಡುಗಡೆ ಆದವರು ಇನ್ನೊಬ್ಬರಿಗೆ ಕೊಡಬೇಕಾದ ಪಾಲಿನಿಂದಲೂ ತಪ್ಪಿಸಿಕೊಳ್ಳಲಾಗುವುದಿಲ್ಲ. ನಾನೊಬ್ಬಳೇ ರಾಜಿ ಮಾಡಿಕೊಂಡು ಬಂದಿದ್ದರೆ ಉಳಿದ ಹಣಕ್ಕೆ ಬ್ಯಾಂಕು ಅವರ ಹಿಂದೆ ಬೀಳುತ್ತಿತ್ತು. ಅವರು ಕಟ್ಟಿದರೆ ಅರ್ಧ ಕೇಳಿ ನನ್ನ ಹತ್ತಿರ ಬರುತ್ತಿದ್ದರು. ಬೇರೆಯಾದ ಜೋಡಿಗಳಲ್ಲಿ ಸಾಲ ಹೀಗೆ ವರ್ಷಗಟ್ಟಲೆ ಹಿಂದೆ ಮುಂದೆ ಓಡಾಡುವುದನ್ನು ಕೋರ್ಟಿನ ಕಾರಿಡಾರಿನಲ್ಲಿ ನಾನು ಬಹಳ ನೋಡಿದೆ.

2024ರ ಮಧ್ಯದಲ್ಲಿ ಲೋಕ ಅದಾಲತ್‌ಗೆ ವಿಷಯ ತಂದೆವು. ಇನ್ನೂ ಕೇಸು ದಾಖಲಾಗದ ಬ್ಯಾಂಕ್ ಬಾಕಿಗಳನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಕೋರ್ಟ್ ಶುಲ್ಕ ಇಲ್ಲ. ಒಪ್ಪಿಗೆ ಆದರೆ ಆ ಆದೇಶ ಡಿಕ್ರಿಗೆ, ಅಂದರೆ ಕೋರ್ಟಿನ ತೀರ್ಪಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಬ್ಯಾಂಕು ಮೂರೂವರೆ ಲಕ್ಷದಿಂದ ಶುರು ಮಾಡಿತು. ನಾವು ಎರಡು ಎಂದೆವು. ನನ್ನ ಸಂಬಳದ ಚೀಟಿ, ಅವರ ಶಾಪು ಮುಚ್ಚಿದ ಕಾಗದ, ನಾನು ಕಟ್ಟಿದ ಹಣದ ಪಟ್ಟಿ, ತಪ್ಪಿ ಹತ್ತಿದ್ದ ಬಿಲ್ಲುಗಳ ಪತ್ರವ್ಯವಹಾರ, ಎಲ್ಲಾ ಮೇಜಿನ ಮೇಲಿತ್ತು. 2 ಲಕ್ಷ 75 ಸಾವಿರಕ್ಕೆ ನಿಂತಿತು. ಅಂದು 75 ಸಾವಿರ, ಉಳಿದದ್ದು ನಾಲ್ಕು ಕಂತಿನಲ್ಲಿ. ಆದೇಶದಲ್ಲಿ ಒಂದು ವಾಕ್ಯ ಇರಲೇಬೇಕು ಎಂದು ನಾವು ಕೂತೆವು: ಈ ಹಣ ಪಾವತಿಯಾದ ಮೇಲೆ ಇಬ್ಬರೂ ಸಾಲಗಾರರ ಮೇಲೆ, ಗೃಹಸಾಲ ಮತ್ತು ಟಾಪ್‌ಅಪ್ ಎರಡೂ ಖಾತೆಯಲ್ಲಿ, ಯಾವ ಬಾಕಿಯೂ ಉಳಿಯುವುದಿಲ್ಲ. ಬ್ಯಾಂಕಿನವರು ಮೊದಲು ಬರೆದ ಕರಡಿನಲ್ಲಿ ಗೃಹಸಾಲದ ಖಾತೆ ನಂಬರು ಮಾತ್ರ ಇತ್ತು. ಎರಡನೇ ನಂಬರು ಸೇರಿಸಿದ ಮೇಲೆಯೇ ಸಹಿ ಹಾಕಿದೆವು.

75 ಸಾವಿರಕ್ಕೆ ನನ್ನ ಎರಡು ಬಳೆ ಹೋದವು. ಉಳಿದದ್ದನ್ನು ಸಂಬಳದಲ್ಲಿ ಮತ್ತು ಕಾಲೇಜಿನ ಸಹಕಾರಿ ಸಂಘದ ಸಣ್ಣ ಸಾಲದಲ್ಲಿ ತೀರಿಸಿದೆ. ಕೊನೆಯ ಕಂತು ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಂಡೆ, ಇಬ್ಬರ ಹೆಸರಿನಲ್ಲಿ. ಒಂದು ಪ್ರತಿ ಗೋಕಾಕಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ.

ನಮ್ಮ ಸಾಲಗಳ ಚರಿತ್ರೆ ತೋರಿಸುವ ಸಿಬಿಲ್ ವರದಿಯ ಬಗ್ಗೆ ಹೇಳಲೇಬೇಕು. ಜಂಟಿ ಸಾಲದಲ್ಲಿ ಕಂತು ತಪ್ಪಿದರೆ ಇಬ್ಬರ ವರದಿಯಲ್ಲೂ ಬರುತ್ತದೆ, ಯಾರು ಬಿಟ್ಟರು ಎನ್ನುವುದು ಅಲ್ಲಿ ಕಾಣಿಸುವುದಿಲ್ಲ. ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ರಾಜಿಯಲ್ಲಿ ತೀರಿದ ಸಾಲವನ್ನು 'ಸೆಟಲ್ಡ್' ಎಂದು ಹಾಕುತ್ತಾರೆ, ಪೂರ್ತಿ ಕಟ್ಟಿ ಮುಗಿದ 'ಕ್ಲೋಸ್ಡ್' ಅಲ್ಲ. ಮುಂದೆ ಸಾಲ ಕೊಡುವವರು ಅದನ್ನು ನೋಡುತ್ತಾರೆ. ಅದಕ್ಕೆ ನಾನು ಸಿದ್ಧಳಿದ್ದೆ. ಆದರೆ ನನ್ನ ವರದಿಯಲ್ಲಿ ಟಾಪ್‌ಅಪ್ ಸಾಲ ತಿಂಗಳುಗಳಾದರೂ ಬಾಕಿ ಎಂದೇ ತೋರಿಸುತ್ತಿತ್ತು. ಅದಾಲತ್ ಆದೇಶ, ಬಾಕಿ ಇಲ್ಲದ ಪತ್ರ ಎರಡನ್ನೂ ಲಗತ್ತಿಸಿ ದೂರು ಕೊಟ್ಟೆ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮವನ್ನೂ ಅದರಲ್ಲಿ ಬರೆದೆ. ಅವಧಿಯೊಳಗೇ ಸರಿಯಾಯಿತು. ಆದೇಶದಲ್ಲಿ ಎರಡನೇ ಖಾತೆ ನಂಬರು ಇರದಿದ್ದರೆ ಈ ದೂರು ನಿಲ್ಲುತ್ತಿರಲಿಲ್ಲ.

ನಾವೀಗ ವಡಗಾವಿಯಲ್ಲಿ ಅವ್ವನ ಮನೆಯಲ್ಲೇ ಇದ್ದೇವೆ. ಪಕ್ಕದಲ್ಲಿ ಪವರ್‌ಲೂಮು ಹಗಲೂ ರಾತ್ರಿ ನಡೆಯುತ್ತದೆ. ಮಗಳು ಆ ಸದ್ದಿನಲ್ಲೇ ಓದಿ ಪಿಯುಸಿ ಮುಗಿಸಿದಳು. ರಾಜಿ ಹಣದಲ್ಲಿ ಅವರ ಪಾಲು 1 ಲಕ್ಷ 37 ಸಾವಿರದ 500. ಅದರಲ್ಲಿ 60 ಸಾವಿರ ಬಂದಿದೆ, ಬ್ಯಾಂಕ್ ಖಾತೆಗೇ, ಎರಡು ಸಲವಾಗಿ. ಆರು ತಿಂಗಳ ಗಡುವು ದಾಟಿದೆ. ಅದು ವಿಚ್ಛೇದನದ ಆದೇಶದ ಭಾಗವೇ ಆದ್ದರಿಂದ ಹೊಸ ದಾವೆ ಬೇಡ, ಆದೇಶ ಜಾರಿ ಮಾಡಿಸಿ ಎಂದು ಕೇಳುವ ಅಮಲ್ಜಾರಿ ಅರ್ಜಿ ಸಾಕು ಎಂದು ವಕೀಲ ಮೇಡಂ ಹೇಳಿದ್ದಾರೆ. ಅವರಿಗೀಗ ಗೋಕಾಕದಲ್ಲೇ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿದೆ. ದೀಪಾವಳಿಯ ತನಕ ಸಮಯ ಕೇಳಿದ್ದಾರೆ. ಬರೆದು ಕಳಿಸಿ ಎಂದೆ. ಕಳಿಸಿದ್ದಾರೆ, ಸಹಿ ಹಾಕಿ.